ಕಿಡ್ನಿ ಕಲ್ಲು, ಕಿಡ್ನಿ ಕಸಿ, ಪೇಪರಿನ ಮೇಲಿನ ಹೆಸರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧದಷ್ಟು ಕಲ್ಲು, ಕಸಿಯ ಬಗ್ಗೆ. ಉಳಿದವು ಹೆಚ್ಚಾಗಿ ಪಿಜಿ ವಿದ್ಯಾರ್ಥಿಗಳದ್ದು: ಸಂಶೋಧನಾ ಪೇಪರಿನಲ್ಲಿ ಯಾರ ಹೆಸರು ಎಲ್ಲಿ ಬರಬೇಕು, ಯಾವ ಪೇಪರನ್ನು ನಂಬಬೇಕು ಎಂಬ ತಕರಾರು. ಎರಡೂ ಒಂದಕ್ಕೊಂದು ತಳಕು ಹಾಕಿಕೊಂಡಿರುವುದರಿಂದ ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ತಂದೆಗೆ ಮೂತ್ರನಾಳದಲ್ಲಿ (ಕಿಡ್ನಿಯಿಂದ ಮೂತ್ರಕೋಶಕ್ಕೆ ಹೋಗುವ ಕೊಳವೆ) 6 ಮಿ.ಮೀ. ಕಲ್ಲು ಇದೆ. ಕಲ್ಲು ಜಾರಿ ಹೋಗಲೆಂದು ಡಾಕ್ಟರು ಟ್ಯಾಮ್ಸುಲೋಸಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಮೊಬೈಲಿನಲ್ಲಿ ನೋಡಿದರೆ ಈ ಮಾತ್ರೆಯಿಂದ ಪ್ರಯೋಜನವಿಲ್ಲ ಎಂದು ದೊಡ್ಡ ಸಂಶೋಧನೆಯೊಂದು ಹೇಳಿದೆಯಂತೆ. ಯಾರನ್ನು ನಂಬುವುದು?
(ಓದುಗರು, ದಾವಣಗೆರೆ)

ಉತ್ತರ: ನೀವು ಓದಿದ್ದು ಬಹುಶಃ 2015ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಜರ್ನಲ್ಲಿನಲ್ಲಿ ಬಂದ ಬ್ರಿಟನ್ನಿನ ‘ಸಸ್ಪೆಂಡ್’ ಅಧ್ಯಯನದ ಸುದ್ದಿ. ಅಲ್ಲಿ 10 ಮಿ.ಮೀ. ಒಳಗಿನ ಕಲ್ಲಿದ್ದವರನ್ನು ಮೂರು ಗುಂಪು ಮಾಡಿ ಒಂದಕ್ಕೆ ಟ್ಯಾಮ್ಸುಲೋಸಿನ್, ಇನ್ನೊಂದಕ್ಕೆ ನಿಫೆಡಿಪಿನ್, ಮೂರನೆಯದಕ್ಕೆ ಹುಸಿ ಮಾತ್ರೆ ಕೊಟ್ಟರು. ನಾಲ್ಕು ವಾರದಲ್ಲಿ ಬೇರೆ ಚಿಕಿತ್ಸೆ ಬೇಕಾಗದೇ ಹೋದವರು ಕ್ರಮವಾಗಿ ಶೇ. 81, 80, 80. ವ್ಯತ್ಯಾಸವೇ ಇಲ್ಲ. ಆದರೆ ಆ ರೋಗಿಗಳಲ್ಲಿ ಬಹುಪಾಲು ಜನರ ಕಲ್ಲು 5 ಮಿ.ಮೀ. ದಾಟಿರಲಿಲ್ಲ, ಅಂಥವು ಮಾತ್ರೆ ಇಲ್ಲದೆಯೂ ಜಾರಿ ಹೋಗುತ್ತವೆ. ಕಲ್ಲು ಹೋಯಿತೇ ಎಂದು ಪ್ರತಿಯೊಬ್ಬರಿಗೂ ಸಿ.ಟಿ. ಮಾಡಿ ನೋಡಲೂ ಇಲ್ಲ.

2018ರಲ್ಲಿ ಚೀನಾದಿಂದ 3,296 ರೋಗಿಗಳ ಅಧ್ಯಯನ ಬಂತು. ಅದರಲ್ಲಿ ತೆಗೆದುಕೊಂಡದ್ದು ಮೂತ್ರನಾಳದ ಕೆಳಭಾಗದ, 4ರಿಂದ 7 ಮಿ.ಮೀ. ಕಲ್ಲುಗಳನ್ನು ಮಾತ್ರ. ಕಲ್ಲು ಹೊರಹೋದವರು ಮಾತ್ರೆ ಗುಂಪಿನಲ್ಲಿ ಶೇ. 86, ಹುಸಿ ಮಾತ್ರೆಯ ಗುಂಪಿನಲ್ಲಿ ಶೇ. 79. ಲಾಭ ಕಂಡದ್ದು 5 ಮಿ.ಮೀ.ಗಿಂತ ದೊಡ್ಡವುಗಳಲ್ಲಿ. ಹಾಗಾಗಿ ನಿಮ್ಮ ತಂದೆಯ ಕಲ್ಲು ಕೆಳಭಾಗದಲ್ಲಿದ್ದರೆ ಡಾಕ್ಟರ ಚೀಟಿಗೆ ಆಧಾರ ಇದೆ. ಮೇಲ್ಭಾಗದಲ್ಲಿದ್ದರೆ ಆಧಾರ ತೆಳು. ಕಲ್ಲು ಎಲ್ಲಿದೆ ಎಂದು ಮೊದಲು ಕೇಳಿ.

ಮಾತ್ರೆ 0.4 ಮಿ.ಗ್ರಾಂ., ದಿನಕ್ಕೊಂದು, ದಿನವೂ ಅದೇ ಹೊತ್ತಿನ ಊಟದ ನಂತರ. ಮಲಗಿದ್ದವರು ತಟ್ಟನೆ ಎದ್ದರೆ ತಲೆ ಸುತ್ತಬಹುದು. ರಾತ್ರಿ ಬಚ್ಚಲಿಗೆ ಹೋಗುವಾಗ ಒಂದು ನಿಮಿಷ ಮಂಚದ ಅಂಚಿನಲ್ಲಿ ಕೂತು ಎದ್ದರೆ ಒಳ್ಳೆಯದು. ಕಣ್ಣಿನ ಪೊರೆ ಆಪರೇಷನ್ ಆಗುವುದಿದ್ದರೆ ಈ ಮಾತ್ರೆಯ ವಿಷಯ ಕಣ್ಣಿನ ಡಾಕ್ಟರಿಗೆ ತಿಳಿಸಲೇಬೇಕು, ಏಕೆಂದರೆ ಇದು ಪಾಪೆಯ ಸುತ್ತಲಿನ ಪರದೆಯನ್ನು (ಐರಿಸ್) ಸಡಿಲ ಮಾಡಿ ಶಸ್ತ್ರಚಿಕಿತ್ಸೆಯಲ್ಲಿ ತೊಡಕು ತರುತ್ತದೆ. ನಡುಕದ ಜ್ವರ, ಮೂತ್ರ ನಿಂತುಹೋಗುವುದು, ನಿಲ್ಲದ ವಾಂತಿ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಕಟ್ಟಿಕೊಂಡ ಕಿಡ್ನಿಯಲ್ಲಿ ಸೋಂಕು ಸೇರಿದರೆ ಆಂಟಿಬಯಾಟಿಕ್ ಒಂದೇ ಸಾಲದು. ಸ್ಟೆಂಟ್ ಹಾಕಿಯೋ ಬೆನ್ನಿನ ಕಡೆಯಿಂದ ನಳಿಕೆ ಇಳಿಸಿಯೋ ಮೂತ್ರ ಹೊರತೆಗೆಯಬೇಕು.

ಪ್ರಶ್ನೆ: ಕಲ್ಲು ಬಂದವರು ಹಾಲು ಬಿಡಬೇಕೆ? ಬಾಳೆದಿಂಡಿನ ರಸ, ಹುರುಳಿ ಕಟ್ಟು ಕುಡಿದರೆ ಕರಗುತ್ತದೆಯೆ?
(ಗೃಹಿಣಿ, ರಾಯಚೂರು)

ಉತ್ತರ: ಹಾಲು ಬಿಡಬೇಡಿ. 2002ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ ಪದೇ ಪದೇ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲಾಗುತ್ತಿದ್ದ 120 ಗಂಡಸರನ್ನು ಐದು ವರ್ಷ ಗಮನಿಸಿದರು. ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಮಂದಿಯಲ್ಲಿ 23 ಮಂದಿಗೆ ಕಲ್ಲು ಮರಳಿತು. ಕ್ಯಾಲ್ಸಿಯಂ ಎಂದಿನಷ್ಟೇ ಇಟ್ಟು ಉಪ್ಪು, ಮಾಂಸ ಕಡಿಮೆ ಮಾಡಿದ 60ರಲ್ಲಿ ಮರಳಿದ್ದು 12 ಮಂದಿಗೆ. ಊಟದ ಜೊತೆ ಹೊಟ್ಟೆಗೆ ಹೋದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ. ಅದಿಲ್ಲದಿದ್ದರೆ ಆಕ್ಸಲೇಟ್ ರಕ್ತ ಸೇರಿ ಮೂತ್ರಕ್ಕೆ ಬರುತ್ತದೆ. ಹಾಲಿನ ಬದಲು ಉಪ್ಪಿನಕಾಯಿ, ಹಪ್ಪಳದ ಮೇಲೆ ಕೈ ಹಿಡಿತ ಇರಲಿ.

ನೀರಿನ ಲೆಕ್ಕದಲ್ಲಿ ಎಲ್ಲರೂ ತಪ್ಪುವುದು ಒಂದೇ ಕಡೆ. ಎಣಿಸಬೇಕಾದ್ದು ಕುಡಿದ ನೀರನ್ನಲ್ಲ, ಹೊರಬಂದ ಮೂತ್ರವನ್ನು. ದಿನಕ್ಕೆ ಎರಡೂವರೆ ಲೀಟರ್ ಆಗಬೇಕು. ನಿಮ್ಮೂರಿನ ಏಪ್ರಿಲ್ ಬಿಸಿಲಿಗೆ ಮೂರು ಲೀಟರ್ ಕುಡಿದರೂ ಬೆವರಾಗಿ ಹೋಗಿ ಮೂತ್ರ ಒಂದೇ ಲೀಟರ್ ಬಂದೀತು. ಅಳತೆ ಗುರುತಿರುವ ಜಗ್ಗಿನಲ್ಲಿ ಒಂದು ದಿನ ಹಿಡಿದು ನೋಡಿ, ಅಂದಾಜು ಸಿಗುತ್ತದೆ. ಬಾಳೆದಿಂಡಿನ ಪಲ್ಯ, ಹುರುಳಿ ಸಾರು ಊಟಕ್ಕೆ ಚೆನ್ನ. ಕಲ್ಲು ಕರಗಿಸುವ ಔಷಧಿ ಎಂದು ಅವನ್ನು ನೆಚ್ಚಿಕೊಂಡು ಕೂರಬೇಡಿ. ಕಿಡ್ನಿ ಕೆಲಸ ಈಗಾಗಲೇ ಕುಗ್ಗಿದವರು ದಿಂಡಿನ ರಸ ಕುಡಿಯಲೇಬಾರದು, ಅದರಲ್ಲಿ ಪೊಟ್ಯಾಶಿಯಂ ಹೆಚ್ಚು.

ಪ್ರಶ್ನೆ: ಪಿಸಿಎನ್ಎಲ್ (ಬೆನ್ನಿನ ಕಡೆಯಿಂದ ರಂಧ್ರ ಮಾಡಿ ಕಿಡ್ನಿ ಕಲ್ಲು ತೆಗೆಯುವ ಆಪರೇಷನ್) ಬಗ್ಗೆ ಥೀಸಿಸ್ ಮಾಡಿದ್ದೇನೆ. ಪೇಪರ್ ಮಾಡುವ ಹೊತ್ತಿಗೆ ಗೈಡ್, ವಿಭಾಗದ ಮುಖ್ಯಸ್ಥರು, ಆಪರೇಷನ್ ಮಾಡಿದ ಇಬ್ಬರು, ರೇಡಿಯಾಲಜಿಯ ಒಬ್ಬರು, ಜೊತೆಗೆ ಪ್ರಮೋಷನ್ನಿಗೆ ಬೇಕೆಂದು ಇನ್ನೊಬ್ಬರು, ಹೀಗೆ ಪಟ್ಟಿ ಬೆಳೆದಿದೆ. ನನ್ನ ಹೆಸರು ನಾಲ್ಕನೆಯದು. ಏನು ಮಾಡಲಿ?
(ಯೂರಾಲಜಿ ಪಿಜಿ, ಹುಬ್ಬಳ್ಳಿ)

ಉತ್ತರ: ವೈದ್ಯಕೀಯ ಜರ್ನಲ್‌ಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಇಟ್ಟಿದೆ. ಅಧ್ಯಯನದ ಯೋಜನೆಯಲ್ಲೋ ಮಾಹಿತಿ ಸಂಗ್ರಹ, ವಿಶ್ಲೇಷಣೆಯಲ್ಲೋ ಗಣನೀಯ ಪಾಲು ಇರಬೇಕು. ಬರೆದಿರಬೇಕು ಅಥವಾ ವಿಷಯದ ದೃಷ್ಟಿಯಿಂದ ತಿದ್ದಿರಬೇಕು. ಅಂತಿಮ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ಇಡೀ ಕೆಲಸಕ್ಕೆ ಜವಾಬ್ದಾರಿ ಹೊರಬೇಕು. 2013ರಲ್ಲಿ ಸೇರಿದ್ದು ಈ ನಾಲ್ಕನೆಯದು. ಮೂರು ಇದ್ದು ಒಂದು ಇಲ್ಲದಿದ್ದರೂ ಅವರು ಲೇಖಕರಲ್ಲ, ಕೃತಜ್ಞತೆಯ ಪಟ್ಟಿಗೆ ಸೇರಬೇಕಾದವರು.

ನಿಮ್ಮ ಪಟ್ಟಿಗೆ ಇದನ್ನು ಹಚ್ಚಿ ನೋಡಿ. ಆಪರೇಷನ್ ಮಾಡಿದ್ದು ದಿನದ ಡ್ಯೂಟಿ, ಅಷ್ಟಕ್ಕೇ ಲೇಖಕರಾಗುವುದಿಲ್ಲ. ಆದರೆ ರಂಧ್ರದ ಗಾತ್ರ 24 ಫ್ರೆಂಚ್ (8 ಮಿ.ಮೀ.) ಇರಲಿ, 30 ಬೇಡ ಎಂದು ಅಧ್ಯಯನದ ವಿಧಾನವನ್ನೇ ಅವರು ರೂಪಿಸಿ, ಆಮೇಲೆ ಕರಡನ್ನೂ ತಿದ್ದಿದ್ದರೆ ಆಗುತ್ತಾರೆ. ರೇಡಿಯಾಲಜಿಯವರು ಎಂದಿನ ರಿಪೋರ್ಟ್ ಬರೆದಿದ್ದರೆ ಕೃತಜ್ಞತೆ ಸಾಕು. ನಿಮ್ಮ ಅಧ್ಯಯನಕ್ಕೆಂದೇ ಎಲ್ಲ ಸಿ.ಟಿ.ಗಳನ್ನೂ ಮತ್ತೆ ತೆಗೆದು, ಯಾವ ರೋಗಿ ಯಾವ ಗುಂಪು ಎಂದು ತಿಳಿಯದೆ ಉಳಿದ ಕಲ್ಲಿನ ಚೂರು ಅಳೆದಿದ್ದರೆ ಅದು ದೊಡ್ಡ ಪಾಲು. ಮುಖ್ಯಸ್ಥರು ಬರೀ ಮುಖ್ಯಸ್ಥರೆಂಬ ಕಾರಣಕ್ಕೆ, ಇನ್ನೊಬ್ಬರು ಪ್ರಮೋಷನ್ ಕಾರಣಕ್ಕೆ ಬರುವುದು ಯಾವ ಷರತ್ತಿಗೂ ಹೊಂದುವುದಿಲ್ಲ.

ಈ ತಕರಾರಿಗೆ ನಿಯಮಗಳದ್ದೂ ಪಾಲಿದೆ. 2015ರಲ್ಲಿ ಅಂದಿನ ಮೆಡಿಕಲ್ ಕೌನ್ಸಿಲ್ ಬಡ್ತಿಗೆ ಮೊದಲ ಇಬ್ಬರು ಲೇಖಕರನ್ನಷ್ಟೇ ಲೆಕ್ಕಕ್ಕೆ ಹಿಡಿಯಿತು. ಆಗ ಮೊದಲೆರಡು ಜಾಗಕ್ಕೆ ನೂಕುನುಗ್ಗಲು ಶುರುವಾಯಿತು. ನಿಯಮ ಆಮೇಲೆ ಹಲವು ಬಾರಿ ಬದಲಾಗಿದೆ, ನೂಕುನುಗ್ಗಲು ಹಾಗೇ ಇದೆ. ಬಡ್ತಿಯ ಲೆಕ್ಕವನ್ನು ಲೇಖಕರ ಸಾಲಿನ ಮೇಲೆ ಕಟ್ಟಿದ್ದೇ ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಈಗ ಮಾಡಬಹುದಾದ್ದು: ಯಾರು ಏನು ಮಾಡಿದರು ಎಂದು ಒಂದು ಪುಟದಲ್ಲಿ ಬರೆಯಿರಿ. ಪರಿಕಲ್ಪನೆ, ಮಾಹಿತಿ ಸಂಗ್ರಹ, ವಿಶ್ಲೇಷಣೆ, ಮೊದಲ ಕರಡು, ಮೇಲ್ವಿಚಾರಣೆ ಹೀಗೆ 14 ಪಾತ್ರಗಳ ‘ಕ್ರೆಡಿಟ್’ ಪಟ್ಟಿ ಅನೇಕ ಜರ್ನಲ್‌ಗಳಲ್ಲಿ ಬಳಕೆಯಲ್ಲಿದೆ, ಅದನ್ನೇ ಬಳಸಿ. ಆ ಪುಟವನ್ನು ಗೈಡ್ ಮುಂದಿಟ್ಟು “ಜರ್ನಲ್ ಇದನ್ನು ಕೇಳುತ್ತದೆ ಸರ್, ತುಂಬಿಕೊಡುತ್ತೀರಾ?” ಎನ್ನಿ. ಜಗಳಕ್ಕಿಂತ ಖಾಲಿ ಖಾನೆ ಚೆನ್ನಾಗಿ ಮಾತಾಡುತ್ತದೆ. ಥೀಸಿಸ್‌ನಿಂದ ಬಂದ ಪೇಪರಿನಲ್ಲಿ ವಿದ್ಯಾರ್ಥಿ ಮೊದಲು, ಗೈಡ್ ಕೊನೆಗೆ ಬರುವುದು ರೂಢಿ, ಕಾನೂನೇನೂ ಅಲ್ಲ. ಪೇಪರ್ ಕಳಿಸಿದ ಮೇಲೆ ಹೆಸರು ಸೇರಿಸಲು, ತೆಗೆಯಲು ಜರ್ನಲ್‌ಗಳು ಎಲ್ಲ ಲೇಖಕರ ಲಿಖಿತ ಒಪ್ಪಿಗೆ ಕೇಳುತ್ತವೆ, ವ್ಯಾಜ್ಯವನ್ನು ತಾವೇ ತೀರ್ಮಾನಿಸದೆ ಸಂಸ್ಥೆಗೆ ದಾಟಿಸುತ್ತವೆ. ಇತ್ಯರ್ಥ ಏನಿದ್ದರೂ ಕಳಿಸುವ ಮುನ್ನವೇ ಆಗಬೇಕು.

ಪ್ರಶ್ನೆ: ನನ್ನ ಪೇಪರ್‌ಗಳು ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಪೇಪರುಗಳ ಆನ್‌ಲೈನ್ ಪಟ್ಟಿ) ಮೂರು ಬೇರೆ ಬೇರೆ ಹೆಸರಲ್ಲಿ ಕಾಣುತ್ತಿವೆ. ಬೇರೆಯವರು ನನ್ನ ಪೇಪರನ್ನು ಉಲ್ಲೇಖಿಸಿದ ಲೆಕ್ಕ (ಸೈಟೇಶನ್) ಹಂಚಿಹೋಗಿದೆ.
(ಸಹಾಯಕ ಪ್ರಾಧ್ಯಾಪಕರು, ಮೈಸೂರು)

ಉತ್ತರ: ನಮ್ಮ ಕಡೆ ಹಲವರಿಗೆ ಮನೆತನದ ಹೆಸರಿಲ್ಲ, ಊರಿನದ್ದೋ ತಂದೆಯದ್ದೋ ಇನಿಶಿಯಲ್ ಇರುತ್ತದೆ. ಸಬ್ಮಿಷನ್ ಫಾರ್ಮಿನ ‘ಕೊನೆಯ ಹೆಸರು’ ಖಾನೆ ಇದನ್ನು ಅರ್ಥ ಮಾಡಿಕೊಳ್ಳುವುದಿಲ್ಲ. ಎಸ್. ಶಿವಕುಮಾರ್ ಎಂಬವರು ಅಲ್ಲಿ ‘ಎಸ್’ ಎಂದು ತುಂಬಿದರೆ ಉಲ್ಲೇಖ ಪಟ್ಟಿಯಲ್ಲಿ ಅವರು ‘ಎಸ್ ಎಸ್’ ಆಗಿ ಅಚ್ಚಾಗುತ್ತಾರೆ. ‘ಶಿವ’ ಮತ್ತು ‘ಕುಮಾರ್’ ಬಿಡಿಸಿ ಬರೆದರೆ ‘ಕುಮಾರ್ ಎಸ್’ ಆಗಿ ದೇಶದ ಅಸಂಖ್ಯ ಕುಮಾರ್‌ಗಳ ಗುಂಪಿನಲ್ಲಿ ಕರಗುತ್ತಾರೆ. ಸ್ವಂತ ಹೆಸರನ್ನೇ ಪೂರ್ತಿಯಾಗಿ, ಒಂದೇ ಪದವಾಗಿ ಕೊನೆಯ ಹೆಸರಿನ ಖಾನೆಯಲ್ಲಿ ಹಾಕಿ. ಇನಿಶಿಯಲ್ಲನ್ನು ಮೊದಲ ಹೆಸರಿನ ಖಾನೆಯಲ್ಲಿ ಬಿಡಿಸಿ ಬರೆಯಿರಿ. ಕಾಗುಣಿತ ಪ್ರತಿ ಸಲವೂ ಒಂದೇ ಇರಲಿ. ಜೊತೆಗೆ ಸಂಶೋಧಕರ ಗುರುತಿನ 16 ಅಂಕಿಯ ಆರ್ಕಿಡ್ ಸಂಖ್ಯೆ ಮಾಡಿಸಿಕೊಳ್ಳಿ. ಅದು ಉಚಿತ, ಕೆಲವೇ ನಿಮಿಷದ ಕೆಲಸ. ಹಳೆಯ ಪೇಪರ್‌ಗಳನ್ನು ಡಿಒಐ (ಪ್ರತಿ ಪೇಪರಿನ ಗುರುತು) ಸಂಖ್ಯೆ ಹಾಕಿ ಅದಕ್ಕೆ ಸೇರಿಸಬಹುದು. ಸ್ಕೋಪಸ್‌ನಲ್ಲಿ (ಇಂಥದ್ದೇ ಇನ್ನೊಂದು ಪಟ್ಟಿ) ನಿಮ್ಮ ಪ್ರೊಫೈಲ್ ಎರಡಾಗಿದ್ದರೆ ಒಂದುಗೂಡಿಸಲು ಅಲ್ಲೇ ಕೋರಿಕೆ ಕೊಡಬಹುದು.

ಪ್ರಶ್ನೆ: ಕೆಮ್ಮಿದರೆ, ಸೀನಿದರೆ ಮೂತ್ರ ಸೋರುತ್ತದೆ. ಸ್ವಂತ ಸ್ನಾಯುಕೋಶ ಚುಚ್ಚಿ ವಾಸಿ ಮಾಡುತ್ತೇವೆ ಎನ್ನುವ ಕ್ಲಿನಿಕ್ಕೊಂದು ‘ಲ್ಯಾನ್ಸೆಟ್’ ಪೇಪರ್ ತೋರಿಸಿತು. ಹೋಗಬಹುದೆ?
(ಶಿಕ್ಷಕಿ, ಮಂಗಳೂರು)

ಉತ್ತರ: ಅದು ಆಸ್ಟ್ರಿಯಾದಿಂದ ಬಂದ 2007ರ ಇನ್ಸ್‌ಬ್ರುಕ್ ಪೇಪರ್ ಆಗಿದ್ದರೆ ಹೋಗಬೇಡಿ. ಕೋಶ ಚುಚ್ಚಿಸಿಕೊಂಡ 42 ಮಹಿಳೆಯರಲ್ಲಿ 38 ಮಂದಿಗೆ ಸೋರಿಕೆ ಪೂರ್ತಿ ನಿಂತಿತು, ಹೋಲಿಕೆಗೆಂದು ಕೊಲಾಜೆನ್ ಚುಚ್ಚಿಸಿಕೊಂಡ 21ರಲ್ಲಿ ಇಬ್ಬರಿಗೆ ಮಾತ್ರ ಎಂದು ಅದರಲ್ಲಿತ್ತು. ಆಸ್ಟ್ರಿಯಾದ ಸರ್ಕಾರಿ ತಪಾಸಣೆಯಲ್ಲಿ ಅಧ್ಯಯನ ನಡೆಸಿದ ರೀತಿಯಲ್ಲೇ ಗಂಭೀರ ಲೋಪಗಳು ಸಿಕ್ಕವು. 2008ರಲ್ಲಿ ‘ಲ್ಯಾನ್ಸೆಟ್’ ಸಂಪಾದಕರು ಪೇಪರನ್ನು ಹಿಂತೆಗೆದರು. ಕ್ಲಿನಿಕ್ಕಿನವರ ಕೈಯಲ್ಲಿರುವ ಹಳೆಯ ಪಿಡಿಎಫ್ ಮೇಲೆ ಅದು ಕಾಣುವುದಿಲ್ಲ, ತೊಡಕು ಇರುವುದೇ ಇಲ್ಲಿ. ಪೇಪರಿನ ಶೀರ್ಷಿಕೆಯನ್ನು ಪಬ್‌ಮೆಡ್‌ನಲ್ಲಿ ಹಾಕಿ ನೋಡಿ. ಹಿಂತೆಗೆದಿದ್ದರೆ ಪುಟದ ಮೇಲೆಯೇ ಸೂಚನೆ ಇರುತ್ತದೆ. ಪೇಪರ್ ಬರೆಯುವವರಿಗೂ ಇದೇ ಮಾತು. ಹಿಂತೆಗೆದ ಪೇಪರುಗಳ ‘ರಿಟ್ರಾಕ್ಷನ್ ವಾಚ್’ ಪಟ್ಟಿ 2023ರಿಂದ ಎಲ್ಲರಿಗೂ ಮುಕ್ತವಾಗಿದೆ, ಉಲ್ಲೇಖಗಳನ್ನು ಜೋಡಿಸಿಡುವ ಝೊಟೆರೊದಂಥ ತಂತ್ರಾಂಶ ಅದನ್ನು ನೋಡಿ ತಾನೇ ಎಚ್ಚರಿಸುತ್ತದೆ.

ನಿಮ್ಮ ತೊಂದರೆಗೆ ಮೊದಲ ಚಿಕಿತ್ಸೆ ಶ್ರೋಣಿಯ ಸ್ನಾಯುಗಳ ವ್ಯಾಯಾಮ. ಮೂತ್ರ ತಡೆಯುವಂತೆ ಬಿಗಿ ಹಿಡಿದು ಸಡಿಲಿಸುವುದು, ಒಂದು ಸಲಕ್ಕೆ ಕನಿಷ್ಠ ಎಂಟು ಬಾರಿ, ದಿನಕ್ಕೆ ಮೂರು ಸಲ, ಮೂರು ತಿಂಗಳು. ಹೊಟ್ಟೆ, ತೊಡೆ ಬಿಗಿ ಮಾಡಿದರೆ ಫಲವಿಲ್ಲ. ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಸರಿಯಾಗಿ ಕಲಿಯಿರಿ.

ಪ್ರಶ್ನೆ: ಕಸಿ ಮಾಡಿದ ಕಿಡ್ನಿ ಐದು ವರ್ಷಕ್ಕೆ ‘ಶೇ. 90 ಉಳಿವು’ ಎನ್ನುತ್ತದೆ ಒಂದು ವರದಿ, ‘ಶೇ. 82’ ಎನ್ನುತ್ತದೆ ಇನ್ನೊಂದು. ಎರಡನೆಯ ಆಸ್ಪತ್ರೆ ಕೆಟ್ಟದ್ದೆ?
(ಡಯಾಲಿಸಿಸ್‌ನಲ್ಲಿರುವವರ ಮಗ, ತುಮಕೂರು)

ಉತ್ತರ: ಒಂದೇ ಆಸ್ಪತ್ರೆಯೇ ಈ ಎರಡೂ ಅಂಕಿ ಕೊಡಬಹುದು. 100 ಜನರಿಗೆ ಕಸಿ ಆಗಿ, ಐದು ವರ್ಷದಲ್ಲಿ 10 ಕಿಡ್ನಿ ಕೆಟ್ಟವು, ಕಿಡ್ನಿ ಚೆನ್ನಾಗಿದ್ದೂ 8 ಮಂದಿ ಹೃದಯಾಘಾತ, ಸೋಂಕಿನಿಂದ ತೀರಿಕೊಂಡರು ಎನ್ನಿ. ಸಾವನ್ನೂ ಸೋಲೆಂದು ಹಿಡಿದರೆ ಉಳಿವು 82. ಸಾವನ್ನು ಬದಿಗಿಟ್ಟು ಎಣಿಸಿದರೆ ಸುಮಾರು 90. ಯಾವ ಲೆಕ್ಕ ಎಂದು ಕೇಳಿ. ಆಮೇಲೆ, ಫಾಲೋಅಪ್ ತಪ್ಪಿಸಿಕೊಂಡವರು ಎಷ್ಟು ಎಂದೂ ಕೇಳಿ. ಮಧ್ಯದಲ್ಲಿ ಬರುವುದನ್ನು ನಿಲ್ಲಿಸಿದವರನ್ನು, ಬರುತ್ತಿರುವವರಷ್ಟೇ ಚೆನ್ನಾಗಿದ್ದಾರೆಂದು ಈ ಲೆಕ್ಕ ಊಹಿಸುತ್ತದೆ. ಕಸಿ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಮಾತ್ರೆ ಕೊಳ್ಳಲು ದುಡ್ಡಿಲ್ಲದೆ ನಿಂತವರ ವಿಷಯದಲ್ಲಿ ಆ ಊಹೆ ಸುಳ್ಳು, ಅಂಕಿ ಇರುವುದಕ್ಕಿಂತ ಚೆಂದ ಕಾಣುತ್ತದೆ. ಬದುಕಿರುವ ದಾನಿಯ ಕಿಡ್ನಿ ಎಷ್ಟು, ಮೃತ ದಾನಿಯದ್ದು ಎಷ್ಟು ಎಂಬುದು ಮೂರನೆಯ ಪ್ರಶ್ನೆ. ಎರಡನ್ನೂ ಬೆರೆಸಿದ ಅಂಕಿಯಿಂದ ನಿಮ್ಮ ತಂದೆಗೆ ಏನೂ ತಿಳಿಯದು.

ಪ್ರಶ್ನೆ: ನಮ್ಮ ಕಸಿ ಪೇಪರ್‌ಗೆ ‘ಅಂಗ ಎಲ್ಲಿಂದ ಬಂತು, ಒಪ್ಪಿಗೆ ಹೇಗೆ ಪಡೆದಿರಿ’ ಎಂದು ಜರ್ನಲ್ ಕೇಳಿದೆ. ನೈತಿಕ ಸಮಿತಿಯ ಪತ್ರ ಸಾಲದೆ?
(ನೆಫ್ರಾಲಜಿ ಫೆಲೊ, ಬೆಂಗಳೂರು)

ಉತ್ತರ: ಸಾಲದು. 2019ರಲ್ಲಿ ಆಸ್ಟ್ರೇಲಿಯಾದ ತಂಡವೊಂದು ಚೀನಾದ 85,477 ಕಸಿಗಳನ್ನು ಒಳಗೊಂಡ 445 ಪೇಪರ್‌ಗಳನ್ನು ತೆರೆದು ನೋಡಿತು. ಅಂಗಗಳು ಮರಣದಂಡನೆಗೊಳಗಾದ ಕೈದಿಗಳದ್ದೋ ಅಲ್ಲವೋ ಎಂದು ಹೇಳದವು ಶೇ. 92.5, ದಾನಿಯ ಒಪ್ಪಿಗೆಯ ಮಾತೆತ್ತದವು ಶೇ. 99. ಆಮೇಲೆ ಹಲವು ಪೇಪರ್ ಹಿಂತೆಗೆಯಲ್ಪಟ್ಟವು. ನೈತಿಕ ಸಮಿತಿ ಒಪ್ಪುವುದು ಸಂಶೋಧನೆಯನ್ನು. ದಾನಕ್ಕೆ ಒಪ್ಪಿಗೆ ಬೇರೆ. ಎಷ್ಟು ಕಿಡ್ನಿ ಬದುಕಿರುವ ದಾನಿಗಳದ್ದು, ಎಷ್ಟು ಮೆದುಳು ಸತ್ತವರದ್ದು, 1994ರ ಅಂಗಾಂಗ ಕಸಿ ಕಾಯ್ದೆಯಡಿ ಹತ್ತಿರದ ಬಂಧುಗಳೆಷ್ಟು, ಇತರರಿಗೆ ಅಧಿಕಾರ ಸಮಿತಿಯ ಅನುಮತಿ ಇತ್ತೇ, ಮೃತ ದಾನಿಯ ಅಂಗ ರಾಜ್ಯದ ‘ಜೀವಸಾರ್ಥಕತೆ’ ಹಂಚಿಕೆಯಿಂದ ಬಂತೇ, ಹಣದ ವ್ಯವಹಾರ ಇರಲಿಲ್ಲವೇ, ಇಷ್ಟನ್ನೂ ವಿಧಾನದ ಭಾಗದಲ್ಲೇ ನಾಲ್ಕು ವಾಕ್ಯದಲ್ಲಿ ಬರೆಯಿರಿ. ದಾನಿಯ ಊರು, ವಯಸ್ಸು, ಕಸಿಯ ದಿನಾಂಕ ಮೂರನ್ನೂ ಒಟ್ಟಿಗೆ ಕೊಡಬೇಡಿ, ಗುರುತು ಸಿಕ್ಕಿಬಿಡುತ್ತದೆ.