ಸೆಕೆಗೆ ಕರಗಿದ ಬಟರ್‌ಕ್ರೀಮ್: ಕಾರವಾರದ ತಂಗಿಯ ಪ್ರಶ್ನೆಗೆ ಉತ್ತರ

ತಂಗಿ, ನಿನ್ನ ಪ್ರಶ್ನೆನೂ ನೋಡ್ದೆ, ಬೌಲಿನ ಫೋಟೋನೂ ನೋಡ್ದೆ. ಉಳಿದವ್ರಿಗೆ ಗೊತ್ತಾಗ್ಲಿ ಅಂತ ಇನ್ನೊಮ್ಮೆ ಹೇಳ್ತೆ, ಭಾನುವಾರ ಮಗಳ ಬರ್ತ್‌ಡೇ, ಮೂವತ್ತು ಕುಕ್ಕೀಸ್ ಮೇಲೆ ಹೂವು ಬಿಡಿಸ್ಬೇಕು, 200 ಗ್ರಾಂ ಬೆಣ್ಣೆಗೆ 400 ಗ್ರಾಂ ಸಕ್ಕರೆ ಪುಡಿ ಹಾಕಿದ್ರೆ ಬಟರ್‌ಕ್ರೀಮ್ ನೀರುನೀರಾಯ್ತು, ಗಟ್ಟಿ ಆಗ್ಲಿ ಅಂತ ಹಾಕ್ತಾ ಹಾಕ್ತಾ ಸಕ್ಕರೆ 700 ಗ್ರಾಂ ಆಯ್ತು, ಈಗ ಬಾಯಿಗಿಡೋಕಾಗದಷ್ಟು ಸಿಹಿ, ಮೇಲಿಂದ ಹಲ್ಲಿಗೆ ಮರಳು ಸಿಕ್ಕ ಹಾಗೆ. ಇದಲ್ವಾ?

ನಿನ್ನ ಅಳತೆ ಸರಿಯಾಗೇ ಇತ್ತು. ತೂಕದಲ್ಲಿ ಬೆಣ್ಣೆ ಒಂದು ಪಾಲು, ಸಕ್ಕರೆ ಪುಡಿ ಎರಡು ಪಾಲು, ಇದೇ ಲೆಕ್ಕ. ಕೆಟ್ಟಿದ್ದು ಸೆಕೆಯಿಂದ. ಬೆಣ್ಣೆ ಪೂರ್ತಿ ಕರಗೋದು 32ರಿಂದ 35 ಡಿಗ್ರಿಯಲ್ಲಿ, ಆದ್ರೆ 26-27 ದಾಟಿದ್ರೇ ಅದು ಒಳಗೆ ಗಾಳಿ ಹಿಡ್ಕೊಳ್ಳೋ ಶಕ್ತಿ ಕಳ್ಕೊಳ್ತದೆ, ಈ ತಿಂಗಳಲ್ಲಿ ಕಾರವಾರದ ಅಡಿಗೆಮನೆ ಮಧ್ಯಾಹ್ನ ಎಷ್ಟಿರ್ತದೆ ಅಂತ ನಿಂಗೇ ಗೊತ್ತು. ಯೂಟ್ಯೂಬ್‌ನಲ್ಲಿ "ರೂಮ್ ಟೆಂಪರೇಚರ್ ಬೆಣ್ಣೆ" ಅಂತಾರಲ್ಲ, ಅದು ಎಸಿ ಇದ್ದ ರೂಮಿನ ಮಾತು, 20 ಡಿಗ್ರಿ ಆಚೀಚೆ. ನಮ್ಮಲ್ಲಿ ಬೆಣ್ಣೆ ಹೊರಗಿಟ್ಟು ಸ್ನಾನ ಮಾಡಿ ಬರೋದ್ರೊಳಗೆ ಎಣ್ಣೆ ಬಿಡೋಕೆ ಶುರು ಮಾಡ್ತದೆ. ಹಾಗಾಗಿ ಬಟರ್‌ಕ್ರೀಮ್ ಲೂಸ್ ಆದ್ರೆ ಸಕ್ಕರೆ ಡಬ್ಬಕ್ಕೆ ಕೈ ಹಾಕ್ಬೇಡ, ಮೊದ್ಲು ಬೌಲ್ ಫ್ರಿಜ್ಜಿಗಿಡು. ನಮ್ಮ ಕರಾವಳಿಯವ್ರು ಇದೊಂದು ತಿಳ್ಕೊಂಡ್ರೆ ಅರ್ಧ ಕೆಲಸ ಆದ ಹಾಗೇ.

ಈಗ ಮಾಡಿಟ್ಟಿದ್ದನ್ನ ಎಸೀಬೇಡ. ಬೌಲ್ ಸಮೇತ 20 ನಿಮಿಷ ಫ್ರಿಜ್ಜಲ್ಲಿಡು, ಅಂಚಲ್ಲಿ ಗಟ್ಟಿಯಾಗಿ ನಡುವೆ ಮೆತ್ತಗಿರುವಾಗ ತೆಗೆದು ಬೀಟ್ ಮಾಡು, ಬಣ್ಣ ಬೆಳ್ಳಗಾಗಿ ಉಬ್ಬಿ ಬರ್ತದೆ. ಆಮೇಲೆ ತಣ್ಣಗಿನ ಉಪ್ಪಿಲ್ಲದ ಬೆಣ್ಣೆ ಇನ್ನೊಂದು 100-150 ಗ್ರಾಂ ಸಣ್ಣ ಸಣ್ಣ ತುಂಡು ಮಾಡಿ ಸೇರಿಸ್ತಾ ಹೋಗು, ಸಿಹಿ ಹದಕ್ಕೆ ಬರ್ತದೆ. ಮರಳು ಮಾತ್ರ ಪೂರ್ತಿ ಹೋಗೋದಿಲ್ಲ. ಕಾಯಿಸಿ ಆರಿಸಿದ ಹಾಲು ಒಂದು ಚಮಚ ಹಾಕಿ ರಾತ್ರಿಯಿಡೀ ಫ್ರಿಜ್ಜಲ್ಲಿಟ್ರೆ ಸ್ವಲ್ಪ ಕಮ್ಮಿ ಆಗ್ತದೆ ಅಷ್ಟೇ. ಅದನ್ನ ಎರಡು ಬಿಸ್ಕಿಟ್ ನಡುವೆ ಹಚ್ಚಿ ಮಕ್ಕಳಿಗೆ ಕೊಡು, ಬರ್ತ್‌ಡೇಗೆ ಹೊಸದಾಗಿ ಮಾಡು.

ಮರಳು ಎಂತಕ್ಕೆ ಬರ್ತದೆ ಅಂದ್ರೆ, ಬೆಣ್ಣೆಯಲ್ಲಿ 80 ಪರ್ಸೆಂಟ್ ಕೊಬ್ಬೇ, ನೀರು 16ರ ಆಸುಪಾಸು, ಅಷ್ಟು ನೀರಲ್ಲಿ ಅಷ್ಟೊಂದು ಸಕ್ಕರೆ ಕರಗೋದೇ ಇಲ್ಲ. ಪುಡಿ ಎಷ್ಟು ನುಣ್ಣಗಿದ್ಯೋ ಬಾಯಲ್ಲಿ ಅಷ್ಟೇ ನುಣುಪು. ಅಂಗಡಿಯ ಐಸಿಂಗ್ ಶುಗರ್ ತಂದ್ರೆ ಒಳ್ಳೇದು, ಮನೆಯಲ್ಲೇ ಮಾಡೋದಾದ್ರೆ 400 ಗ್ರಾಂ ಸಕ್ಕರೆಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಹಾಕಿ, ಸ್ವಲ್ಪ ಸ್ವಲ್ಪವೇ ಮಿಕ್ಸಿಗೆ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸು. ಆಮೇಲೆ ಎರಡು ಸಲ ಜರಡಿ ಹಿಡಿ, ಮೈದಾ ಜರಡಿ ಸಾಲದು, ತೆಳು ಬಟ್ಟೆ ಬೇಕು. ಇನ್ನೊಂದು ವಿಷ್ಯ ಯಾರೂ ಹೇಳೋದಿಲ್ಲ, ಮಿಕ್ಸಿಯಿಂದ ತೆಗೆದ ಪುಡಿ ಕೈಗೆ ಬೆಚ್ಚಗಿರ್ತದೆ, ಅದನ್ನ ಹಾಗೇ ಬೆಣ್ಣೆಗೆ ಸುರಿದ್ರೆ ಬೆಣ್ಣೆ ಅಲ್ಲೇ ಸೋತು ಹೋಗ್ತದೆ. ಪೂರ್ತಿ ಆರ್ಬೇಕು, ಆದ್ರೆ ಬಾಯಿ ತೆರೆದಿಟ್ಟು ಆರಿಸ್ಬೇಡ, ನಮ್ಮ ಗಾಳಿಯ ತೇವ ಎಳ್ಕೊಂಡು ಗಂಟು ಕಟ್ತದೆ.

ಬೆಣ್ಣೆ ವಿಷಯಕ್ಕೆ ಬಂದ್ರೆ ಅಮುಲ್ ಆಗ್ಲಿ ನಂದಿನಿ ಆಗ್ಲಿ, ಅನ್‌ಸಾಲ್ಟೆಡ್ ಅಂತ ನೋಡಿ ತಗೊ. ಅಂಗಡಿಯಲ್ಲಿ ಹಳದಿ ಉಪ್ಪಿನ ಬೆಣ್ಣೆ ಮಾತ್ರ ಸಿಕ್ಕಿದ್ರೆ ಅರ್ಧ ಅದು ಅರ್ಧ ಮನೆಯ ಬಿಳಿ ಬೆಣ್ಣೆ ಹಾಕು, ಬೇರೆ ಉಪ್ಪು ಬೇಡ. ಮನೆ ಬೆಣ್ಣೆ ಆಗ್ತದಾ ಅಂತ ಕೇಳಿದ್ದೆ. ಆಗ್ತದೆ, ಆದ್ರೆ ಮೊಸರು ಕಡೆದ ಬೆಣ್ಣೆಗೆ ಹುಳಿ ವಾಸನೆ ಇರ್ತದೆ, ಮಜ್ಜಿಗೆ ನೀರೂ ಉಳಿದಿರ್ತದೆ, ಐಸ್ ನೀರಲ್ಲಿ ನಾಲ್ಕೈದು ಸಲ ತೊಳೆದು ಕೈಯಲ್ಲಿ ಒತ್ತಿ ಒತ್ತಿ ನೀರು ಬಸಿದ್ರೆ ಮಾತ್ರ ಸರಿ. ಎಮ್ಮೆ ಬೆಣ್ಣೆ ಸಿಕ್ಕಿದ್ರೆ ಬಿಡ್ಬೇಡ, ಹಸುವಿನದಕ್ಕಿಂತ ಗಟ್ಟಿ, ಬೆಳ್ಳಗೂ ಇರ್ತದೆ.

ಮಾಡೋ ಹೊತ್ತು ಬೆಳಿಗ್ಗೆ ಆರು ಆರೂವರೆ, ಒಲೆ ಹಚ್ಚೋಕಿಂತ ಮೊದ್ಲು. ಸ್ಟೀಲ್ ಬೌಲ್ ತಗೊ, ಪ್ಲಾಸ್ಟಿಕ್ ಬೇಡ, ಸ್ಟೀಲ್ ಬೇಗ ತಂಪಾಗ್ತದೆ. ಅಗಲ ತಟ್ಟೆಯಲ್ಲಿ ಐಸ್ ಕ್ಯೂಬ್ ಹಾಕಿದ ನೀರಿಟ್ಕೊಂಡು ಪಕ್ಕದಲ್ಲಿರ್ಲಿ, ಮಧ್ಯೆ ಲೂಸ್ ಅನ್ಸಿದ್ರೆ ಬೌಲಿನ ತಳ ಅದ್ರಲ್ಲಿ ಮುಳುಗಿಸಿ ಬೀಟ್ ಮಾಡ್ಬಹುದು. ಫ್ರಿಜ್ಜಿಂದ ತೆಗೆದ ಬೆಣ್ಣೆ ತುಂಡು ಮಾಡಿಟ್ರೆ ಹತ್ತು ನಿಮಿಷ ಸಾಕು. ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳ್ಬೇಕು, ಆದ್ರೆ ಬೆರಳಿಗೆ ಜಿಡ್ಡು ಮಿಂಚ್ಬಾರ್ದು. ಮಿಂಚಿದ್ರೆ ಜಾಸ್ತಿ ಕರಗಿದೆ ಅಂತ, ಮತ್ತೆ ಒಳಗಿಡು. ಬರೀ ಬೆಣ್ಣೆಯನ್ನೇ 5 ನಿಮಿಷ ಬೀಟ್ ಮಾಡು, ಹಳದಿ ಹೋಗಿ ಬಿಳಿ ಬರ್ಬೇಕು, ಇಲ್ಲಿ ಅವಸರ ಮಾಡಿದ್ರೆ ಮುಂದೆ ಎಂತ ಮಾಡಿದ್ರೂ ಹಗುರ ಆಗೋದಿಲ್ಲ. ಆಮೇಲೆ ಸಕ್ಕರೆ ಮೂರು ಕಂತಲ್ಲಿ, ಸಣ್ಣ ಸ್ಪೀಡಲ್ಲಿ. ಚಿಟಿಕೆ ಉಪ್ಪು, ಒಂದು ಟೀ ಚಮಚ ವೆನಿಲಾ, ನಾಲ್ಕು ಹನಿ ಲಿಂಬೆ ರಸ, ಈ ಉಪ್ಪು ಹುಳಿ ಇದ್ರೇ ಸಿಹಿ ಮುಖಕ್ಕೆ ಹೊಡೆಯೋದಿಲ್ಲ. ಹಾಲು ಕೊನೆಗೆ, ಬೇಕಾದ್ರೆ ಮಾತ್ರ, ಒಂದೊಂದೇ ಟೀ ಚಮಚ. ಬೀಟರ್ ತೆಗೆದ ಮೇಲೆ ಮರದ ಸೌಟಿಂದ ಎರಡು ನಿಮಿಷ ಬೌಲಿನ ಗೋಡೆಗೆ ಒತ್ತಿ ಒತ್ತಿ ತಿರುವು, ಒಳಗಿನ ಗುಳ್ಳೆ ಒಡೆದು ಹೂವಿನ ಎಸಳು ನಡುವೆ ತುಂಡಾಗದೆ ಬರ್ತದೆ.

ಶಿರಸಿ ಕಡೆಯವ್ರು ಇದನ್ನ ಓದ್ತಾ ಇದ್ರೆ ನಿಮ್ಗೆ ಡಿಸೆಂಬರ್ ಜನವರಿಯಲ್ಲಿ ಉಲ್ಟಾ ಕಷ್ಟ. ಬೆಣ್ಣೆ ತೀರಾ ತಣ್ಣಗಿದ್ದು ಹಾಲು ಹಾಕಿದ ಕೂಡ್ಲೇ ಒಡೆದ ಹಾಗೆ ಕಾಳು ಕಾಳಾಗ್ತದೆ. ಅದು ಹಾಳಾಗಿದ್ದಲ್ಲ, ಬೌಲಿನ ತಳ ಬೆಚ್ಚನೆ ನೀರಿಗೆ ಅರ್ಧ ನಿಮಿಷ ತಾಗಿಸಿ ಬೀಟ್ ಮಾಡಿದ್ರೆ ಕೂಡ್ಕೊಳ್ತದೆ.

ಇನ್ನು ಡಾಲ್ಡಾ. ಬೇಕರಿ ಹೂವು ಕರಗದೆ ನಿಲ್ಲೋದು ವನಸ್ಪತಿಯಿಂದ ಅನ್ನೋದು ಹೌದು, ಬೆಣ್ಣೆಯ ಕಾಲು ಭಾಗ ಅದನ್ನ ಹಾಕಿದ್ರೆ ಸೆಕೆಗೆ ತಡೀತದೆ. 2022ರಿಂದ ಅದರಲ್ಲಿ ಹೃದಯಕ್ಕೆ ಕೆಟ್ಟದಾದ ಟ್ರಾನ್ಸ್ ಫ್ಯಾಟ್ 2 ಪರ್ಸೆಂಟ್ ದಾಟ್ಬಾರ್ದು ಅಂತ ಕಾನೂನೂ ಇದೆ. ಆದ್ರೂ ನಂಗೆ ರುಚಿ ಹಿಡಿಸೋದಿಲ್ಲ. ನಾನು ಹಾಕೋದು ನಮ್ಮ ಘಟ್ಟದ ಮುರುಗಲ (ಕೋಕಂ, ಪುನರ್ಪುಳಿ) ತುಪ್ಪ. ಹಿಮ್ಮಡಿ ಒಡೆದ್ರೆ ಹಚ್ಚೋಕೆ ಅಂತ ಎಷ್ಟೋ ಮನೆಯಲ್ಲಿ ಉಂಡೆ ಇರ್ತದಲ್ಲ, ಅದೇ ಬೀಜದ ತುಪ್ಪ, ತಿನ್ನೋಕೆ ಅಂತ ಶುದ್ಧವಾಗಿ ಮಾಡಿದ್ದು ತಗೊಳ್ಬೇಕು. ಅದು ಕರಗೋದು 38-40 ಡಿಗ್ರಿಗೆ, ಹಾಗಾಗಿ ನಮ್ಮ ಮಧ್ಯಾಹ್ನಕ್ಕೂ ಬಗ್ಗೋದಿಲ್ಲ. ಯುರೋಪಿನಲ್ಲಿ ಚಾಕ್ಲೇಟಿಗೆ ಕೋಕೋ ಬೆಣ್ಣೆ ಜೊತೆ ಸೇರಿಸ್ಬಹುದು ಅಂತ ಒಪ್ಪಿದ ಆರು ಗಿಡದ ಕೊಬ್ಬಲ್ಲಿ ಮುರುಗಲದ್ದೂ ಒಂದು, ನಮ್ಮವ್ರಿಗೇ ಅದರ ಬೆಲೆ ಗೊತ್ತಿಲ್ಲ ಅಂತ ಬೇಜಾರಾಗ್ತದೆ. 200 ಗ್ರಾಂ ಬೆಣ್ಣೆಗೆ 15 ಗ್ರಾಂ ಸಾಕು. ನೇರ ಹಾಕಿದ್ರೆ ಮೇಣದ ಚೂರಿನ ಹಾಗೆ ಉಳೀತದೆ, ಅದಕ್ಕೆ ಹಿಂದಿನ ರಾತ್ರಿ 50 ಗ್ರಾಂ ಬೆಣ್ಣೆ ಜೊತೆ ಸಣ್ಣ ಉರಿಯಲ್ಲಿ ಕರಗಿಸಿ, ತಿರುವುತ್ತಾ ಆರಿಸಿ, ಮೆತ್ತಗೆ ಹೆಪ್ಪುಗಟ್ಟಿದ ಮೇಲೆ ಉಳಿದ ಬೆಣ್ಣೆಗೆ ಸೇರಿಸಿ ಬೀಟ್ ಮಾಡ್ಬೇಕು. ಜಾಸ್ತಿ ಹಾಕ್ಬೇಡ, ಬಾಯಿ ಬಿಸಿಗೂ ಸರಿ ಕರಗದೆ ಅಂಗುಳಕ್ಕೆ ಅಂಟ್ತದೆ.

ಬಣ್ಣ ಜೆಲ್‌ದೇ ಬೇಕು, ನೀರಿನ ಬಣ್ಣ ಹಾಕಿದಷ್ಟೂ ಲೂಸ್. ನೀಲಿ ಹಾಕಿದ್ರೆ ಹಸಿರು ಬರ್ತದೆ ಅಂತ ಬರ್ದಿದ್ಯಲ್ಲ, ಅದು ಬೆಣ್ಣೆಯ ಹಳದಿ ಸೇರಿ ಆಗೋದು, ಮೊದ್ಲು ಕಡ್ಡಿ ತುದಿಯಲ್ಲಿ ಒಂದಿಷ್ಟು ನೇರಳೆ ಸೇರಿಸಿ ಬೆಳ್ಳಗೆ ಮಾಡ್ಕೊ, ಆಮೇಲೆ ನೀಲಿ ಹಾಕು. ಕೆಂಪು ಕಪ್ಪು ಎಲ್ಲ ಹೊತ್ತು ಹೋದ ಹಾಗೆ ಗಾಢ ಆಗ್ತದೆ, ಬೇಕಾದ್ದಕ್ಕಿಂತ ತಿಳಿಯಾಗಿರುವಾಗಲೇ ನಿಲ್ಲಿಸು. ಜೋನಿ ಬೆಲ್ಲ, ಅಂದ್ರೆ ನೀರು ಬೆಲ್ಲ, ಹಾಕ್ಬಹುದಾ ಅಂತ ಇನ್ನೊಬ್ರು ಕೇಳಿದ್ದಾರೆ, ಹಾಲಿನ ಬದ್ಲು ಎರಡು ಟೀ ಚಮಚ ಹಾಕಿ ನೋಡಿ, ಪರಿಮಳ ಚೆಂದ ಬರ್ತದೆ, ಆದ್ರೆ ಸಕ್ಕರೆ ಪೂರ್ತಿ ಬಿಟ್ಟು ಅದೊಂದನ್ನೇ ಹಾಕಿದ್ರೆ ಕೂರೋದಿಲ್ಲ, ಅದ್ರಲ್ಲಿ ನೀರು ಜಾಸ್ತಿ.

ಹೂವು ಬಿಡಿಸುವಾಗ ಕೈ ಬಿಸಿಯೇ ದೊಡ್ಡ ವೈರಿ. ಮೈ ಬಿಸಿ 37 ಡಿಗ್ರಿ, ಕ್ರೀಮ್ ತುಂಬಿ ಹಿಂಡೋ ಪೈಪಿಂಗ್ ಬ್ಯಾಗನ್ನ ಮುಷ್ಟಿಯಲ್ಲಿ ಹಿಡಿದ ಜಾಗದಲ್ಲೇ ಮೊದ್ಲು ಕರಗೋದು, ಮೊದಲ ನಾಲ್ಕು ಹೂವು ಚೂಪಾಗಿ ಬಂದು ಐದನೇದ್ರ ಎಸಳು ಅಂಚು ಮೊಂಡಾಗಿ ಹೊಳೆಯೋಕೆ ಶುರು ಆದ್ರೆ ಅರ್ಥ ಮಾಡ್ಕೊ. ಎರಡು ಬ್ಯಾಗ್ ಇಟ್ಕೊ, ಎರಡಕ್ಕೂ ಅರ್ಧಕ್ಕಿಂತ ಕಮ್ಮಿ ತುಂಬಿಸು, ಒಂದು ಕೈಯಲ್ಲಿ ಇನ್ನೊಂದು ಫ್ರಿಜ್ಜಲ್ಲಿ, ಬದಲಾಯಿಸ್ತಾ ಇರು. ಬ್ಯಾಗಿನ ತುದಿಗೆ ಹಾಕೋ ಮೂತಿಗೆ ನಾಜಲ್ ಅಂತಾರೆ, ಗುಲಾಬಿ ಸುರುಳಿಗೆ 1ಎಂ ಅಥವಾ 2ಡಿ ನಂಬರಿನ ನಾಜಲ್, ಹೆಸರು ಬರೆಯೋಕೆ ಸಣ್ಣ ಗುಂಡು ನಾಜಲ್. ಒಂದು ಕುಕ್ಕಿಗೆ 15-20 ಗ್ರಾಂ ಹಿಡೀತದೆ, 200 ಬೆಣ್ಣೆ 400 ಸಕ್ಕರೆಯದ್ದು ಮೂವತ್ತಕ್ಕೆ ಸರಿ ಹೋಗ್ತದೆ. ಕುಕ್ಕೀಸ್ ಶನಿವಾರವೇ ಬೇಕ್ ಮಾಡಿ ಪೂರ್ತಿ ಆರಿಸಿ ಡಬ್ಬಿಗೆ ಹಾಕಿಡು, ತಳ ಸ್ವಲ್ಪ ಬೆಚ್ಚಗಿದ್ರೂ ಹೂವು ಜಾರ್ತದೆ.

ನೆಂಟರ ಮನೆಗೆ ಒಂದರ ಮೇಲೊಂದಿಟ್ಟು ಕಳಿಸ್ಬೇಕು ಅಂದಿದ್ದೆ, ಅದು ಬಟರ್‌ಕ್ರೀಮಿಗೆ ಆಗೋದಿಲ್ಲ. ನಮ್ಮ ತೇವಕ್ಕೆ ಮೇಲಿನ ಪದರ ಒಣಗೋದು ಕಮ್ಮಿ, ಒಣಗಿದ್ರೂ ಒಳಗೆ ಮೆತ್ತಗೇ ಇರ್ತದೆ. ಪೇರಿಸಿಡೋಕೆ ಮೊಟ್ಟೆ ಬಿಳಿ, ಸಕ್ಕರೆ ಪುಡಿ ಸೇರಿಸಿ ಮಾಡೋ, ಒಣಗಿ ಗಟ್ಟಿಯಾಗೋ ರಾಯಲ್ ಐಸಿಂಗೇ ಬೇಕು. ಬಟರ್‌ಕ್ರೀಮಿನ ಕುಕ್ಕೀಸನ್ನ ಅಗಲ ಡಬ್ಬಿಯಲ್ಲಿ ಒಂದೇ ಸಾಲಲ್ಲಿಟ್ಟು, ಮುಚ್ಚಳ ಹೂವಿಗೆ ತಾಗದ ಹಾಗೆ ನೋಡ್ಕೊಂಡು ಅರ್ಧ ಗಂಟೆ ಫ್ರಿಜ್ಜಲ್ಲಿಡು. ಹೊರಗೆ ತೆಗೆದ ಮೇಲೆ ಮುಚ್ಚಳ ಕೂಡ್ಲೇ ತೆಗೀಬೇಡ, ತಣ್ಣಗಿನ ಹೂವಿನ ಮೇಲೆ ಹೊರಗಿನ ಗಾಳಿ ಬೆವರು ಕಟ್ಟಿ ಕೆಂಪು ಬಣ್ಣ ಬಿಳಿಗೆ ಇಳೀತದೆ. ಡಬ್ಬಿ ಹೊರಮೈ ಮೇಲಿನ ನೀರು ಆರಿದ ಮೇಲೆ ತೆಗಿ. ಪಾರ್ಟಿ ಐದಕ್ಕೆ ಅಂದ್ರೆ ನಾಲ್ಕೂಕಾಲಿಗೆ ಫ್ರಿಜ್ಜಿಂದ ಹೊರಗಿಡು, ಅಂಗಳದ ಬಿಸಿಲು ತಾಗೋ ಟೇಬಲ್ ಬೇಡ, ಒಳಗಿನ ಕೋಣೆಯಲ್ಲೇ ಇರ್ಲಿ. ಮುರುಗಲ ತುಪ್ಪ ನಿಮ್ಮಲ್ಲಿ ಸಿಗದಿದ್ರೆ ಇಲ್ಲೇ ಹೇಳು, ಶನಿವಾರದೊಳಗೆ ಕಳಿಸೋ ದಾರಿ ನೋಡುವ.