ಒಂದು ದಿನಕ್ಕೆ ಒಂದೇ ಜಲಪಾತ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಗ್ರಂಥಾಲಯವೊಂದರ ಪರವಾಗಿ ನಿವೃತ್ತ ಅಧ್ಯಾಪಕರೊಬ್ಬರು ನಮಗೆ ಬರೆದಿದ್ದಾರೆ. ಮಕ್ಕಳು, ಹಿರಿಯರು ಸೇರಿದ ತಂಡವೊಂದು ಆಗಸ್ಟ್ ತಿಂಗಳ ಒಂದು ಭಾನುವಾರ ತೊಡಿಕಾನದ ದೇವರಗುಂಡಿ, ಮಡಿಕೇರಿಯ ಅಬ್ಬಿ, ಸೋಮವಾರಪೇಟೆ ಕಡೆಯ ಮಲ್ಲಳ್ಳಿ ಈ ಮೂರೂ ಜಲಪಾತಗಳನ್ನು ನೋಡಿ ರಾತ್ರಿ ಮನೆ ಸೇರಬೇಕೆಂದಿದೆ; ಯೋಜನೆ ಸರಿಯಿದೆಯೇ ಎಂಬುದು ಅವರ ಮೊದಲ ಪ್ರಶ್ನೆ. ಕಳೆದ ಸಂಚಿಕೆಯಲ್ಲಿ ಅಚ್ಚಾದ, ಹೆಸರು ಕೊಡದ ಜಲಪಾತದ ಚಿತ್ರದ ಜೊತೆಗೆ ದಾರಿಯನ್ನು ಯಾಕೆ ತಿಳಿಸಲಿಲ್ಲ ಎಂಬ ಆಕ್ಷೇಪವೂ ಪತ್ರದಲ್ಲಿದೆ.)

ಮಾನ್ಯರೇ,

ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚುವ ಇಚ್ಛೆ ನಮಗಿಲ್ಲ. ಆದರೆ ಯೋಜನೆಯ ಎರಡು ಅಂಶಗಳನ್ನು, ಅಂದರೆ ಆಗಸ್ಟ್ ತಿಂಗಳನ್ನೂ ಮೂರು ಎಂಬ ಸಂಖ್ಯೆಯನ್ನೂ, ದಯವಿಟ್ಟು ಬದಲಿಸಿಕೊಳ್ಳಿ. ಮುಳ್ಳೇರಿಯ, ಜಾಲ್ಸೂರು, ಸುಳ್ಯ ಮಾರ್ಗವಾಗಿ ತೊಡಿಕಾನಕ್ಕೆ ಹೋಗಿ, ಅಲ್ಲಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಸೇರಿ, ಮತ್ತೆ ಸೋಮವಾರಪೇಟೆ ದಾಟಿ ಮಲ್ಲಳ್ಳಿ ನೋಡಿ ಹಿಂದಿರುಗುವುದೆಂದರೆ ರಸ್ತೆಯೇ ಮುನ್ನೂರು ಕಿಲೋಮೀಟರಿನ ಆಸುಪಾಸು ಆಗುತ್ತದೆ. ಹಾಗೆ ಹೊರಟವರಿಗೆ ನಡಿಗೆಯ ಸುಖ ಸಿಗುವುದಿಲ್ಲ, ವ್ಯಾನಿನ ಕಿಟಕಿ ಮಾತ್ರ ಸಿಗುತ್ತದೆ. ಅರುವತ್ತೆರಡು ಮೀಟರ್ ಎತ್ತರದಿಂದ ಕುಮಾರಧಾರೆ ಧುಮುಕುವ ಮಲ್ಲಳ್ಳಿಯಲ್ಲಿ ನೂರಾರು ಮೆಟ್ಟಿಲು ಇಳಿಯಬೇಕು, ಇಳಿದದ್ದನ್ನೆಲ್ಲ ಹತ್ತಲೂ ಬೇಕು. ದಿನದ ಕೊನೆಯಲ್ಲಿ, ದಣಿದ ಮಕ್ಕಳನ್ನು ಕಟ್ಟಿಕೊಂಡು ಮಾಡುವ ಕೆಲಸ ಅದಲ್ಲ.

ಮೂರರಲ್ಲಿ ಒಂದನ್ನು ಉಳಿಸಿಕೊಳ್ಳುವುದಾದರೆ ದೇವರಗುಂಡಿಯನ್ನೇ ಉಳಿಸಿಕೊಳ್ಳಿ. ಅದು ಘಾಟಿಯ ಈಚೆಗಿದೆ ಎಂಬುದು ಮೊದಲ ಕಾರಣ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಪರಿಸರದಲ್ಲಿ ಗುಡ್ಡ ಕುಸಿದು ಮಡಿಕೇರಿ ರಸ್ತೆ ಕಡಿದುಹೋದದ್ದು ನಿಮಗೂ ನೆನಪಿದ್ದೀತು. ಮಳೆಯ ದಿನ ಘಾಟಿಯ ಆಚೆ ಸಿಕ್ಕಿಕೊಂಡರೆ ರಾತ್ರಿ ಮನೆ ಸೇರುವ ಮಾತಿಲ್ಲ. ಎರಡನೆಯದಾಗಿ, ಅರಂತೋಡಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಸಿಗುವ ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ಬಳಿ ಮತ್ಸ್ಯತೀರ್ಥವಿದೆ. ಕಾಡುದಾರಿ ನಡೆಯಲಾಗದ ಹಿರಿಯರು ಅಲ್ಲೇ ಉಳಿದು, ಹೊಳೆಯ ಮೀನುಗಳನ್ನು ನೋಡುತ್ತ, ನೆರಳಿನಲ್ಲಿ ಕುಳಿತಿರಬಹುದು. ಉಳಿದವರು ಜಲಪಾತಕ್ಕೆ ಹೋಗಿಬರಬಹುದು. ನಿಮ್ಮಂತಹ ತಂಡಕ್ಕೆ ಹೀಗೆ ಎರಡಾಗಿ ಒಡೆಯಲು ಬರುವ ಜಾಗವೇ ಬೇಕು. ಎಲ್ಲರೂ ನಡೆಯಲೇಬೇಕು ಅಥವಾ ಯಾರೂ ನಡೆಯಬಾರದು ಎಂಬ ಕಡೆಗಳಲ್ಲಿ ಯಾರಾದರೊಬ್ಬರ ದಿನ ಕೆಡುತ್ತದೆ. ಅಬ್ಬಿ ಕಾಫಿ ತೋಟಗಳ ನಡುವೆ ಮೆಟ್ಟಿಲಿಳಿದು ದೂರದಿಂದ ನೋಡುವಂತಹದು. ಮಡಿಕೇರಿಗೆ ಬೇರೆ ಕೆಲಸಕ್ಕೆ ಹೋದಾಗ ಅದನ್ನು ನೋಡಿದರಾಯಿತು.

ಇನ್ನು ದಿನದ ವಿಚಾರ. ಜಲಪಾತ ನೋಡುವ ಆಸೆ ಹುಟ್ಟುವುದು ಆಟಿ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು) ಅಬ್ಬರದಲ್ಲಿಯೇ ಹೌದಾದರೂ, ಅದನ್ನು ಹತ್ತಿರದಿಂದ ನೋಡಲು ತಕ್ಕ ಕಾಲ ಸೆಪ್ಟೆಂಬರ್ ಮಧ್ಯದ ಕನ್ಯಾ ಸಂಕ್ರಮಣದ ಅನಂತರದ್ದು. ಜೂನ್‌ನಿಂದ ಸುರಿದ ಮಳೆಯನ್ನು ಕುಡಿದು ಕುಡಿದು ಆಗಸ್ಟಿನ ಹೊತ್ತಿಗೆ ಗುಡ್ಡದ ಮಣ್ಣು ತುಂಬಿಹೋಗಿರುತ್ತದೆ. ಜೂನ್ ಆರಂಭದಲ್ಲಿ ಹಳ್ಳವನ್ನು ಸ್ವಲ್ಪವೇ ಏರಿಸುವಷ್ಟು ಮಳೆ ಆಗ ಅದನ್ನು ಉಕ್ಕಿಸಿಬಿಡುತ್ತದೆ, ಏಕೆಂದರೆ ನೀರಿಗೆ ಇಂಗಲು ಜಾಗವಿಲ್ಲ. ಸೆಪ್ಟೆಂಬರ್ ಕೊನೆಗೆ ಮಳೆ ತೆಳುವಾಗುತ್ತದೆ, ಒರತೆಗಳು ಮಾತ್ರ ಬತ್ತಿರುವುದಿಲ್ಲ. ಕೆಂಬಣ್ಣ ಹೋಗಿ ನೀರು ತಿಳಿಯಾಗುತ್ತದೆ, ದಾರಿಯ ಪಾಚಿಯೂ ಅಲ್ಲಲ್ಲಿ ಒಣಗತೊಡಗುತ್ತದೆ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಕಳೆದರೆ ಗುಡುಗು ಸಿಡಿಲಿನ ಮಳೆ ಹೆಚ್ಚುತ್ತದೆ. ಅದು ಸಾಮಾನ್ಯವಾಗಿ ಅಪರಾಹ್ನದ ಮಳೆಯಾದ್ದರಿಂದ ಬೆಳಿಗ್ಗೆ ನಡೆದು ಒಂದು ಗಂಟೆಯೊಳಗೆ ಕಣಿವೆಯಿಂದ ಹೊರಬಂದವರಿಗೆ ತೊಂದರೆ ಕಡಿಮೆ. ಈ ಎರಡು ಸಂಕ್ರಮಣಗಳ ನಡುವಣ ಒಂದು ಶನಿವಾರವನ್ನು ಆರಿಸಿಕೊಳ್ಳಿ, ದಸರಾ ರಜೆಯ ಜನಜಂಗುಳಿಯನ್ನು ತಪ್ಪಿಸಿ.

ಜಲಪಾತದ ಅಪಾಯ ಮೇಲಿನಿಂದ ಬರುತ್ತದೆ ಎಂಬುದನ್ನು ನಿಮ್ಮ ತಂಡದ ಪ್ರತಿಯೊಬ್ಬರಿಗೂ ಹೊರಡುವ ಮೊದಲೇ ತಿಳಿಸಬೇಕು. ನಮ್ಮ ಕಡೆಯ ಹಳ್ಳಗಳು ಚಿಕ್ಕವು, ಕಡಿದಾದವು. ನೀವು ನಿಂತ ಜಾಗದಲ್ಲಿ ಬಿಸಿಲಿದ್ದರೂ ಬೆಟ್ಟದ ನೆತ್ತಿಯಲ್ಲಿ ಸುರಿದ ಮಳೆ ಅಲ್ಪ ಹೊತ್ತಿನಲ್ಲಿ ಕೆಳಗಿಳಿಯುತ್ತದೆ. 2024ರ ಜೂನ್ 30ರಂದು ಮಹಾರಾಷ್ಟ್ರದ ಲೋನಾವಳದಲ್ಲಿ ಭೂಶಿ ಅಣೆಕಟ್ಟಿನ ಬಳಿಯ ಜಲಪಾತದ ಮಧ್ಯೆ ಬಂಡೆಯ ಮೇಲೆ ನಿಂತಿದ್ದ ಒಂದೇ ಕುಟುಂಬದ ಐವರು, ನೋಡನೋಡುತ್ತಿದ್ದಂತೆ ಏರಿದ ನೀರಿನಲ್ಲಿ ಕೊಚ್ಚಿಹೋದರು. ಅದಕ್ಕೆ ಹಿಂದಿನ ವರ್ಷದ ಜುಲೈಯಲ್ಲಿ ಕೊಲ್ಲೂರು ಬಳಿಯ ಅರಿಶಿನಗುಂಡಿಯಲ್ಲಿ ಬಂಡೆಯ ಅಂಚಿನಲ್ಲಿ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ಬಿದ್ದ. ಜೊತೆಯಲ್ಲಿದ್ದವರು ಆ ಹೊತ್ತಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ರಭಸದ ನೀರು ಹದಿನೈದು ಸೆಂಟಿಮೀಟರ್, ಅಂದರೆ ಅರ್ಧ ಅಡಿ, ಇದ್ದರೂ ದೊಡ್ಡವರ ಕಾಲು ಕೀಳಬಲ್ಲದು. ತಲುಪಿದ ಕೂಡಲೇ ನೀರಿನ ಅಂಚಿನಲ್ಲಿ ಒಂದು ಕಲ್ಲನ್ನು ಗುರುತು ಮಾಡಿಡಿ, ಅದನ್ನು ಗಮನಿಸುವ ಕೆಲಸವನ್ನು ಒಬ್ಬರಿಗೆ ಒಪ್ಪಿಸಿ. ಕಲ್ಲು ಮುಳುಗಿದರೂ, ತಿಳಿನೀರು ಕೆಂಪಾದರೂ, ತರಗೆಲೆ ಕಡ್ಡಿಗಳು ಒಟ್ಟೊಟ್ಟಾಗಿ ತೇಲಿಬಂದರೂ, ಸದ್ದು ದಪ್ಪವಾದರೂ ಚರ್ಚೆ ಮಾಡದೆ ದಡದ ಎತ್ತರದ ಕಡೆಗೆ ಹತ್ತಬೇಕು. ಹೊಳೆಯ ಆಚೆ ದಡದಲ್ಲಿ ಬುತ್ತಿ ಬಿಚ್ಚುವುದು ಬೇಡವೇ ಬೇಡ.

ಇಲ್ಲಿ ಗಡಿನಾಡಿನವರಾದ ನಾವು ಮರೆಯುವ ಸಂಗತಿಯೊಂದಿದೆ. ಕಾಸರಗೋಡು ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟಿಲ್ಲವೆಂದರೆ ಮಳೆ ಕಡಿಮೆಯೆಂದು ನಾವು ಲೆಕ್ಕ ಹಾಕುತ್ತೇವೆ. ಆದರೆ ತೊಡಿಕಾನದ ಹೊಳೆಗೆ ನೀರು ಬರುವುದು ಕೊಡಗಿನ ಅಂಚಿನ ಬೆಟ್ಟಗಳಿಂದ. ನಮ್ಮೂರ ಮುನ್ಸೂಚನೆಯನ್ನಲ್ಲ, ದಕ್ಷಿಣ ಕನ್ನಡ ಮತ್ತು ಕೊಡಗು ಜಿಲ್ಲೆಗಳ ಮುನ್ಸೂಚನೆಯನ್ನು ಹಿಂದಿನ ಸಂಜೆ ನೋಡಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಸುರಿದರೆ ಅದು ಭಾರೀ ಮಳೆ, 204.4ರ ವರೆಗೆ ಅತಿ ಭಾರೀ. ಇಲಾಖೆ ಬಣ್ಣಗಳಲ್ಲಿ ಕೊಡುವ ಎಚ್ಚರಿಕೆಗಳಲ್ಲಿ ಮೊದಲ ಹಂತದ್ದಾದ ಹಳದಿ ಎಚ್ಚರಿಕೆಯನ್ನು ಜನ ಹಗುರವಾಗಿ ಕಾಣುತ್ತಾರೆ. ಜಲಪಾತಕ್ಕೆ ಹೊರಟವರು ಮಾತ್ರ ಹಳದಿ ಕಂಡರೂ ಪ್ರಯಾಣವನ್ನು ಮುಂದಕ್ಕೆ ಹಾಕಬೇಕೆಂಬುದು ನಮ್ಮ ಅಭಿಪ್ರಾಯ. ಮಳೆಗಾಲದಲ್ಲಿ ಅರಣ್ಯ ಇಲಾಖೆಯೋ ಜಿಲ್ಲಾಡಳಿತವೋ ಪ್ರವೇಶವನ್ನು ನಿಲ್ಲಿಸುವುದೂ ಉಂಟು. ಸುಳ್ಯದ ಅರಣ್ಯ ಕಚೇರಿಯಲ್ಲಿ ವಿಚಾರಿಸದೆ ಹೊರಡಬೇಡಿ.

ನಡಿಗೆಗೆ ಬೇಕಾಗುವ ಸಮಯವನ್ನು ಅಂದಾಜು ಮಾಡಲು ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಚಾರಣಿಗ 1892ರಲ್ಲಿ ಹೇಳಿದ ಸೂತ್ರವೊಂದು ಇಂದಿಗೂ ಬಳಕೆಯಲ್ಲಿದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ ಆರುನೂರು ಮೀಟರ್ ಏರಿಗೆ ಮತ್ತೊಂದು ಗಂಟೆ. ಅದು ಗಟ್ಟಿಮುಟ್ಟಾದವರ ಲೆಕ್ಕ. ಮಕ್ಕಳು, ಹಿರಿಯರು, ಒದ್ದೆ ಬೇರುಗಳು ಸೇರಿದ ದಾರಿಗೆ ಅದನ್ನು ದುಪ್ಪಟ್ಟು ಮಾಡಿ. ಇಳಿಯುವಾಗ ಬೇಗ ಆದೀತೆಂದು ನಂಬಬೇಡಿ, ಜಾರುವ ದಾರಿಯಲ್ಲಿ ಇಳಿತವೇ ನಿಧಾನ. ನಿಮ್ಮ ತಂಡದ ನಿಜವಾದ ವೇಗ ತಿಳಿಯಬೇಕಿದ್ದರೆ ಸುಲಭ ಉಪಾಯವಿದೆ: ಅದಕ್ಕೆ ಮೊದಲಿನ ಒಂದು ಬೆಳಿಗ್ಗೆ, ಧರ್ಮತ್ತಡ್ಕದ ಬಳಿಯ ಪೊಸಡಿಗುಂಪೆಯನ್ನು ಎಲ್ಲರೂ ಸೇರಿ ಹತ್ತಿ ಇಳಿಯಿರಿ. ಸಾವಿರ ಅಡಿಗೆ ತುಸು ಮೇಲ್ಪಟ್ಟ ಗುಡ್ಡ, ಮನೆಗೂ ಹತ್ತಿರ. ಯಾರ ಮಂಡಿ ನೋಯುತ್ತದೆ, ಯಾರ ಚಪ್ಪಲಿ ಕಿತ್ತುಹೋಗುತ್ತದೆ, ಯಾವ ಮಗು ಮುಂದೆ ಓಡಿ ಕಣ್ಮರೆಯಾಗುತ್ತದೆ ಎಂಬುದೆಲ್ಲ ಅಲ್ಲಿಯೇ ಗೊತ್ತಾಗುತ್ತದೆ.

ಉಂಬಳದ (ಕಾಡಿನ ಜಿಗಣೆಯ) ಬಗ್ಗೆ ನಿಮಗಿರುವ ಭಯ ಅನಗತ್ಯ. ಅದು ಕಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಹರಿಯುವ ರಕ್ತ ಹೆಚ್ಚೆನಿಸುತ್ತದೆ, ಅಷ್ಟೇ. ಇಲಿಜ್ವರದ ವಿಚಾರದಲ್ಲಿ ಮಾತ್ರ ಎಚ್ಚರವಿರಲಿ. ಕಾಲಿನಲ್ಲಿ ಗಾಯವಿದ್ದವರು ಕೆಸರಿಗೂ ನಿಂತ ನೀರಿಗೂ ಇಳಿಯಬಾರದು, ಒಂದೆರಡು ವಾರಗಳೊಳಗೆ ಜ್ವರ ಬಂದರೆ ವೈದ್ಯರಿಗೆ ಈ ಪ್ರಯಾಣದ ವಿಷಯ ಹೇಳಬೇಕು. ಕೊಡೆಗಿಂತ ಮಳೆಯಂಗಿ ಮೇಲು, ಎರಡೂ ಕೈ ಬಿಡುವಾಗಿರುತ್ತವೆ. ಬುತ್ತಿಗೆ ಬಾಳೆಯೆಲೆಯಲ್ಲಿ ಬೇಯಿಸಿದ ಕೊಟ್ಟಿಗೆ ಎಂಬ ಕಡುಬು ಸಾಕು. ಪ್ಲಾಸ್ಟಿಕ್ ಇಲ್ಲದ್ದರಿಂದ ನಿಮಗೂ ಹಗುರ, ಕಾಡಿಗೂ ಹಗುರ.

ಮೊಮ್ಮಗಳಿಗೆ ನೀರಹನಿಗಳ ಕಾಮನಬಿಲ್ಲು ತೋರಿಸಬೇಕೆಂದಿದ್ದೀರಿ. ಸೂರ್ಯ ಬೆನ್ನ ಹಿಂದಿರಬೇಕು; ತಲೆಯೆತ್ತಿ ನೋಡುವವರಿಗಾದರೆ ಅವನು ದಿಗಂತದಿಂದ ಸುಮಾರು ನಲವತ್ತೆರಡು ಡಿಗ್ರಿಗಿಂತ ಕೆಳಗೂ ಇರಬೇಕು, ಎಂದರೆ ಆ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತರ ಒಳಗೆ. ನೀವು ತಲುಪುವ ಹೊತ್ತಿಗೆ ಬಿಸಿಲು ಮೇಲೇರಿರುವುದರಿಂದ, ಸುರಕ್ಷಿತವಾದ ಎತ್ತರದ ಜಾಗದಲ್ಲಿ ನಿಂತು ಕೆಳಗಿನ ತುಂತುರಿನ ಕಡೆಗೆ ನೋಡಲು ಹೇಳಿ.

ಚಿತ್ರದೊಂದಿಗೆ ದಾರಿ ಕೊಡದಿದ್ದುದು ಉದ್ದೇಶಪೂರ್ವಕ. ಆ ಹಳ್ಳದಿಂದ ಕೆಳಗಿನ ಮನೆಗಳಿಗೂ ಅಡಿಕೆ ತೋಟಗಳಿಗೂ ಪೈಪಿನಲ್ಲಿ ನೀರು ಹೋಗುತ್ತದೆ. ದಾರಿಯಿರುವುದು ಒಬ್ಬರ ತೋಟದ ನಡುವೆ. ಪತ್ರಿಕೆಯಲ್ಲಿ ಗುರುತು ಕೊಟ್ಟರೆ ಮುಂದಿನ ಭಾನುವಾರವೇ ಅಲ್ಲಿ ವಾಹನಗಳ ಸಾಲು ನಿಲ್ಲುತ್ತದೆ, ಕುಡಿಯುವ ನೀರಿನಲ್ಲಿ ಸಾಬೂನಿನ ನೊರೆ ತೇಲುತ್ತದೆ. ನಿಲುಗಡೆ, ಶೌಚಾಲಯ, ಕಾಯುವವರು ಇರುವ ಜಾಗಗಳ ದಾರಿಯನ್ನು ನಾವು ಧಾರಾಳವಾಗಿ ಅಚ್ಚು ಹಾಕುತ್ತೇವೆ. ಉಳಿದವುಗಳ ಚಿತ್ರ ಮಾತ್ರ. ಇದು ಓದುಗರಿಗೆ ಮಾಡಿದ ಅನ್ಯಾಯವೆಂದು ನೀವು ಬರೆದಿದ್ದೀರಿ. ಒಪ್ಪಲು ನಮಗೆ ಸಾಧ್ಯವಾಗುತ್ತಿಲ್ಲ.

ಕೊನೆಯದಾಗಿ ವಾಹನ. ಕೇರಳ ನೋಂದಣಿಯ ಬಾಡಿಗೆ ವ್ಯಾನಿಗೆ ಕರ್ನಾಟಕದೊಳಗೆ ಓಡುವ ಪರ್ಮಿಟ್ಟು, ತೆರಿಗೆ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಕಾಡಿನೊಳಗೆ ಫೋನಿಗೆ ಸಿಗ್ನಲ್ ಸಿಗುವ ಭರವಸೆಯಿಲ್ಲವಾದ್ದರಿಂದ ನಡೆಯುವವರು ಎಷ್ಟು ಗಂಟೆಯೊಳಗೆ ಮರಳುತ್ತಾರೆಂಬುದನ್ನು ದೇವಸ್ಥಾನದಲ್ಲಿ ಉಳಿದವರಿಗೆ ಬರೆದುಕೊಡಿ. ಆ ಗಂಟೆ ಮೀರಿದರೆ ಅವರು ಅಲ್ಲಿನವರಿಗೆ ತಿಳಿಸಿ 112ಕ್ಕೆ ಕರೆ ಮಾಡಬೇಕೆಂದು ಮೊದಲೇ ಮಾತಾಡಿಕೊಳ್ಳಿ.

– ಸಂಪಾದಕ