ರಾಣಿ ಸತ್ತರೆ ಗೂಡಿನ ಗತಿ ಏನು?

ರಾಣಿ ಸತ್ತರೆ ಜೇನು ಕುಟುಂಬ ಪೂರ್ತಿ ಹಾಳಾಗುತ್ತಾ, ಕಣಜ, ಇರುವೆಗಳಲ್ಲೂ ಹೀಗೇನಾ ಅಂತ ಕೇಳಿದ್ದೀರಿ. ನಿಮ್ಮ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಪೆಟ್ಟಿಗೆಯಲ್ಲಿ ಒಂದು ವಾರದಿಂದ ರಾಣಿ ಕಾಣುತ್ತಿಲ್ಲ ಅಂತಲೂ ಬರೆದಿದ್ದೀರಿ. ಹಾಳಾಗಲೇಬೇಕು ಅಂತೇನಿಲ್ಲ. ರಾಣಿ ಹೋದ ದಿನ ಗೂಡಿನಲ್ಲಿ ಏನು ಉಳಿದಿತ್ತು ಅನ್ನುವುದೇ ಮುಖ್ಯ.

ನಾನೂ ತುಡುವೆ ಸಾಕುವವನೇ, ಅಲ್ಲಿಂದಲೇ ಶುರು ಮಾಡುತ್ತೇನೆ. ಹೆಸರಿಗೆ ರಾಣಿ ಅಷ್ಟೇ, ಅವಳು ಯಾರನ್ನೂ ಆಳುವುದಿಲ್ಲ. ಮೊಟ್ಟೆ ಇಡುತ್ತಾಳೆ, ಜೊತೆಗೆ ಅವಳ ಮೈವಾಸನೆ ಗೂಡಿಗೆಲ್ಲ ಹರಡಿರುತ್ತದೆ. ಸುತ್ತಲಿನ ಹುಳಗಳು ಅವಳನ್ನು ನೆಕ್ಕಿ, ಮುಟ್ಟಿ, ಆ ವಾಸನೆಯನ್ನು ಉಳಿದವಕ್ಕೆ ದಾಟಿಸುತ್ತವೆ. ಅದು ನಿಂತರೆ ಕೆಲವೇ ಗಂಟೆಗಳಲ್ಲಿ ಗೂಡಿಗೆಲ್ಲ ಗೊತ್ತಾಗುತ್ತದೆ. ಮುಚ್ಚಳ ತೆಗೆದರೆ ಮೊರೆತವೇ ಬೇರೆ ಥರ ಕೇಳಿಸುತ್ತದೆ.

ಆಮೇಲೆ ಕೆಲಸಗಾರ ಹುಳಗಳು ಎಳೆ ಮರಿಹುಳ ಹುಡುಕುತ್ತವೆ. ಮೊಟ್ಟೆಯೊಡೆದು ಮೂರು ದಿನ ದಾಟಿರಬಾರದು. ಕೆಲಸಗಾರ ಹುಳ ಆಗುವ ಮೊಟ್ಟೆಯೂ ರಾಣಿ ಆಗುವ ಮೊಟ್ಟೆಯೂ ಒಂದೇ, ವ್ಯತ್ಯಾಸ ಇರುವುದು ಊಟದಲ್ಲಿ. ಆರಿಸಿದ ಮರಿಗೆ ಕೊನೆಯವರೆಗೂ ರಾಯಲ್ ಜೆಲ್ಲಿ, ಅಂದರೆ ಕೆಲಸಗಾರ ಹುಳಗಳೇ ಮೈಯಿಂದ ಒಸರುವ ಹಾಲಿನಂಥ ಊಟ, ಸಿಗುತ್ತದೆ. ಅದರ ಕೋಶವನ್ನು ಅಗಲ ಮಾಡಿ, ಕಡಲೆಕಾಯಿ ಥರ ಕೆಳಕ್ಕೆ ಜೋತು ಬೀಳುವಂತೆ ಕಟ್ಟುತ್ತವೆ. ಕುಟುಂಬ ಒಡೆದು ಪಾಲಾಗುವಾಗ ರಾಣಿ ಕೋಶ ಸಾಮಾನ್ಯವಾಗಿ ಎರಿಯ (ಮೇಣದ ಕೋಶಗಳ ತಟ್ಟು) ಕೆಳ ಅಂಚಿನಲ್ಲಿರುತ್ತದೆ. ರಾಣಿ ಸತ್ತು ಕಟ್ಟಿದ್ದು ಎರಿಯ ನಡುವೆ ಎಲ್ಲಿ ಬೇಕಾದರೂ ಇರಬಹುದು.

ಮೊಟ್ಟೆಯಿಂದ ಲೆಕ್ಕ ಹಾಕಿದರೆ ರಾಣಿ ಹೊರಬರಲು ಸುಮಾರು 16 ದಿನ. ಮೊದಲು ಬಂದವಳು ಉಳಿದ ರಾಣಿಗಳನ್ನು ಕೋಶದಲ್ಲೇ ಮುಗಿಸಿಬಿಡುವುದೇ ಹೆಚ್ಚು. ಅಷ್ಟಾದರೂ ಕೆಲಸ ಮುಗಿದಿಲ್ಲ. ಹೊರಗೆ ಹಾರಿ, ಗಂಡುಗಳ ಜೊತೆ ಕೂಡಿ, ಸುರಕ್ಷಿತವಾಗಿ ವಾಪಸ್ ಬರಬೇಕು. ಮಲೆನಾಡಿನ ಆಷಾಢದ ಮಳೆಯಲ್ಲಿ ರಾಣಿ ಹೋದರೆ ಇಲ್ಲೇ ತೊಂದರೆ: ಹಾರಲು ಬಿಸಿಲಿಲ್ಲ, ಹೊರಗೆ ಗಂಡುಗಳೂ ಇಲ್ಲ.

ಎಳೆ ಮರಿಯೇ ಇಲ್ಲದಿದ್ದರೆ ಕೆಲಸಗಾರ ಹುಳಗಳೇ ಮೊಟ್ಟೆ ಇಡಲು ಶುರು ಮಾಡುತ್ತವೆ. ತುಡುವೆ ಈ ವಿಷಯದಲ್ಲಿ ಯುರೋಪಿನ ಜೇನಿಗಿಂತ ಅವಸರದ್ದು. ಎರಿಯನ್ನು ಬೆಳಕಿಗೆ ಹಿಡಿದು ನೋಡಿ. ಒಂದೇ ಕೋಶದಲ್ಲಿ ಮೂರು ನಾಲ್ಕು ಮೊಟ್ಟೆ, ಕೆಲವು ಗೋಡೆಗೇ ಅಂಟಿಕೊಂಡಿರುತ್ತವೆ, ಯಾಕಂದರೆ ಅವುಗಳ ಹೊಟ್ಟೆ ತಳ ಮುಟ್ಟುವಷ್ಟು ಉದ್ದವಿಲ್ಲ. ಗಂಡಿನ ಜೊತೆ ಕೂಡದೆ ಇಟ್ಟ ಮೊಟ್ಟೆಯಿಂದ ಗಂಡೇ ಹುಟ್ಟುತ್ತದೆ. ಉಬ್ಬಿದ ಮುಚ್ಚಳ, ಅದರ ನೆತ್ತಿಯಲ್ಲಿ ಸಣ್ಣ ತೂತು ಕಂಡರೆ ಅದು ತುಡುವೆಯ ಗಂಡು ಕೋಶ. ಎರಿ ತುಂಬ ಬರೀ ಅದೇ ಇದ್ದರೆ ಆ ಕುಟುಂಬ ಉಳಿಸುವುದು ಕಷ್ಟ.

ಕಣಜದ ಕಥೆಯೇ ಬೇರೆ, ನನಗೆ ಅದೇ ಜಾಸ್ತಿ ಇಷ್ಟ. ರೊಪಾಲಿಡಿಯಾ ಮಾರ್ಜಿನೇಟಾ ಅನ್ನುವ ಕಾಗದದ ಗೂಡಿನ ಕಣಜವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳಿಂದ ನೋಡುತ್ತಾ ಬಂದಿದ್ದಾರೆ. ಅದರ ರಾಣಿ ತುಂಬಾ ಸಾಧು. ಅವಳನ್ನು ತೆಗೆದ ಸ್ವಲ್ಪ ಹೊತ್ತಿಗೇ ಒಬ್ಬಳು ಕೆಲಸಗಾರ್ತಿ ಎಲ್ಲರ ಮೇಲೆ ಏರಿ ಹೋಗುತ್ತಾಳೆ, ಕಚ್ಚುತ್ತಾಳೆ. ಯಾರೂ ಎದುರಾಡುವುದಿಲ್ಲ. ಸುಮಾರು ಒಂದು ವಾರದಲ್ಲಿ ಅವಳು ಮೊಟ್ಟೆ ಇಡುತ್ತಾಳೆ, ಸಿಟ್ಟೂ ಇಳಿಯುತ್ತದೆ. ರಾಣಿ ಇರುವಾಗ ಮಾತ್ರ ಮುಂದಿನವಳು ಯಾರು ಅಂತ ನೋಡುವವರಿಗೆ ಪತ್ತೆಯೇ ಆಗುವುದಿಲ್ಲ.

ಹಾಗಾದರೆ ಕಣಜಗಳಿಗೆ ಗೊತ್ತಿದೆಯಾ? ಇದನ್ನು ತಿಳಿಯಲು ಗೂಡನ್ನು ಎರಡು ಹೋಳು ಮಾಡಿ ನಡುವೆ ಜಾಲರಿ ಹಾಕಿದರು. ರಾಣಿ ಇಲ್ಲದ ಕಡೆ ಒಬ್ಬಳು ಸಿಟ್ಟಿನವಳು ಎದ್ದಳು. ಆಮೇಲೆ ರಾಣಿಯನ್ನೂ ಇವಳನ್ನೂ ಅದಲುಬದಲು ಮಾಡಿದರು. ಕೆಲವು ಗೂಡುಗಳಲ್ಲಿ ಆ ಕಡೆಯವರೂ ಅವಳನ್ನು ಒಪ್ಪಿಕೊಂಡರು. ಉಳಿದ ಗೂಡುಗಳಲ್ಲಿ ಅವಳು ಸುಮ್ಮನಾದಳು, ಅಲ್ಲಿದ್ದ ಇನ್ನೊಬ್ಬಳು ಎದ್ದಳು, ಅವಳನ್ನು ಎರಡೂ ಕಡೆ ಒಪ್ಪಿದರು. ಮೂರನೆಯವಳು ಯಾವ ಗೂಡಿನಲ್ಲೂ ಬರಲಿಲ್ಲ. ಅಂದರೆ ವಾರಸುದಾರಳು ಮೊದಲೇ ಗೊತ್ತಾಗಿದ್ದಳು ಅಂತ ಆಯ್ತಲ್ವಾ? ಇದು 2008ರಲ್ಲಿ ಪ್ರಕಟವಾಯಿತು. ಮುಂದೆ ಹೀಗೆ ಎದ್ದವಳನ್ನೂ ಒಬ್ಬಳಾದ ಮೇಲೆ ಒಬ್ಬಳಂತೆ ತೆಗೆದು ನೋಡಿದಾಗ, ಐದನೆಯವಳವರೆಗೂ ಜಗಳವಿಲ್ಲದೆ ಸರದಿ ನಡೆಯಿತು.

ಇರುವೆಗಳಲ್ಲಿ ಬಹುತೇಕ ಜಾತಿಗಳಿಗೆ ಇಂಥ ದಾರಿ ಇಲ್ಲ. ರಾಣಿ ಒಬ್ಬಳೇ ಇದ್ದು ಸತ್ತರೆ ಗೂಡು ನಿಧಾನಕ್ಕೆ ಕರಗುತ್ತದೆ. ನಮ್ಮ ಪಶ್ಚಿಮ ಘಟ್ಟದ ಜಿಗಿಯುವ ಇರುವೆ, ಹಾರ್ಪೆಗ್ನಾಥೋಸ್, ಮಾತ್ರ ವಿಚಿತ್ರ. ರಾಣಿ ಹೋದರೆ ಕೆಲಸಗಾರ್ತಿಯರು ವಾರಗಟ್ಟಲೆ ಮೀಸೆ ಮೀಸೆ ಹೊಡೆದುಕೊಂಡು ಸ್ಪರ್ಧಿಸುತ್ತಾರೆ. ಗೆದ್ದ ಕೆಲವರು ಮೊಟ್ಟೆ ಇಡುತ್ತಾರೆ. ಅವರ ಮಿದುಳು ಸುಮಾರು ಐದನೇ ಒಂದು ಪಾಲು ಕುಗ್ಗುತ್ತದೆ, ಆಯಸ್ಸು ಮಾತ್ರ ತಿಂಗಳುಗಳಿಂದ ವರ್ಷಗಳಿಗೆ ಏರುತ್ತದೆ.

ಈಗ ನಿಮ್ಮ ಪೆಟ್ಟಿಗೆ. ಮೊದಲು ಕೋಶದ ತಳ ನೋಡಿ. ಒಂದೊಂದೇ ಮೊಟ್ಟೆ ಇದ್ದರೆ ರಾಣಿ ಇದ್ದಾಳೆ, ಕಡೇಪಕ್ಷ ಮೂರು ದಿನದ ಹಿಂದೆ ಇದ್ದಳು. ಮುಚ್ಚಿದ ರಾಣಿ ಕೋಶ ಕಂಡರೆ ಪೆಟ್ಟಿಗೆ ಮುಚ್ಚಿ, ಎರಡು ಮೂರು ವಾರ ಕೈ ಹಾಕಬೇಡಿ. ಎರಡೂ ಇಲ್ಲದಿದ್ದರೆ ಬೇರೆ ಪೆಟ್ಟಿಗೆಯಿಂದ ಮೊಟ್ಟೆ, ಎಳೆ ಮರಿ ಇರುವ ಒಂದು ಚೌಕಟ್ಟು ತಂದು ಕೊಡಿ. ಅದರ ಮೇಲಿನ ಹುಳಗಳನ್ನು ಮೊದಲು ಕೊಡವಿಬಿಡಿ. ಎರಡು ಮೂರು ದಿನದಲ್ಲಿ ರಾಣಿ ಕೋಶ ಕಟ್ಟಲು ಶುರು ಮಾಡಿದರೆ ರಾಣಿ ಇರಲಿಲ್ಲ ಅಂತ ಖಚಿತ. ಕಟ್ಟದಿದ್ದರೆ, ಮತ್ತು ಕೋಶಕ್ಕೆ ಮೂರು ನಾಲ್ಕು ಮೊಟ್ಟೆ ಕಾಣದಿದ್ದರೆ, ರಾಣಿ ಎಲ್ಲೋ ಮೂಲೆಯಲ್ಲಿ ಕೂತಿರಬಹುದು, ಸುಮ್ನೆ ಹುಡುಕಬೇಡಿ.